ನೀರಿನ ದಾರಿ ಮೊದಲು, ಸಸಿ ಆಮೇಲೆ: ಅಳಿವೆಯನ್ನು ಊರವರೊಂದಿಗೆ ಮರಳಿ ಕಟ್ಟುವ ಕ್ರಮ

ನದಿಯ ಸಿಹಿನೀರು ಕಡಲಿನ ಉಪ್ಪುನೀರನ್ನು ಕೂಡುವ ಅಳಿವೆಯಲ್ಲಿ ಕೆಲವೇ ನೂರು ಮೀಟರುಗಳ ಅಂತರದೊಳಗೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕೆಸರುಬಯಲು, ಕಡಲಹುಲ್ಲಿನ ಹಾಸು, ಸಿಂಪಿ ಅಂಟಿದ ಬಂಡೆ, ಮರಳದಿಣ್ಣೆ ಇವೆಲ್ಲವೂ ಇರಬಹುದು. ಕಡಲಿನಲ್ಲಿ ಬೆಳೆಯುವ ಎಷ್ಟೋ ಮೀನು, ಸಿಗಡಿ, ಏಡಿಗಳು ಎಳೆಯ ವಯಸ್ಸನ್ನು ಕಳೆಯುವುದು ಇಲ್ಲಿನ ಆಳವಿಲ್ಲದ, ಬೇರು ಹುಲ್ಲುಗಳ ಮರೆಯಿರುವ ನೀರಿನಲ್ಲಿ. ಇಂಥ ಜಾಗ ಕೆಟ್ಟಾಗ ಮೊದಲು ನಷ್ಟ ಅನುಭವಿಸುವವರು ಅದರ ದಡದಲ್ಲೇ ಬದುಕುವ ಜನ. ಅದನ್ನು ಸರಿಪಡಿಸುವ ಕೆಲಸವೂ ಅವರ ಕೈಯಲ್ಲಿ ಇದ್ದಾಗಲೇ ಹೆಚ್ಚು ಕಾಲ ನಿಲ್ಲುತ್ತದೆ. ಮೀನುಗಾರರ ಸಂಘ, ಮಹಿಳಾ ಗುಂಪು, ಶಾಲೆ, ಸ್ಥಳೀಯ ಸಂಸ್ಥೆ ಅಥವಾ ಪರಿಸರದ ಕೆಲಸಕ್ಕೆ ಮುಂದಾದ ಯಾವುದೇ ಗುಂಪು ಈ ಕೆಲಸವನ್ನು ಯಾವ ಕ್ರಮದಲ್ಲಿ ಕೈಗೆತ್ತಿಕೊಳ್ಳಬಹುದು ಎಂಬುದನ್ನು ಈ ಬರಹ ವಿವರಿಸುತ್ತದೆ.

ಬಹುತೇಕ ಗುಂಪುಗಳು ಸಸಿ ನೆಡುವ ದಿನವನ್ನು ಗೊತ್ತುಮಾಡುವುದರಿಂದಲೇ ಕೆಲಸ ಆರಂಭಿಸುತ್ತವೆ. ಬ್ಯಾನರ್ ಬರುತ್ತದೆ, ಮಕ್ಕಳು ಬರುತ್ತಾರೆ, ಒಂದೇ ಬೆಳಿಗ್ಗೆ ಸಾವಿರಾರು ಸಸಿಗಳು ಕೆಸರಿಗಿಳಿಯುತ್ತವೆ. ಮುಂದಿನ ವರ್ಷ ಅದೇ ಜಾಗಕ್ಕೆ ಹೋದರೆ ಕಾಣುವುದು ಹೆಚ್ಚಾಗಿ ಒಣಗಿದ ಕಡ್ಡಿಗಳು. ಫಿಲಿಪ್ಪೀನ್ಸ್ ದೇಶ ದಶಕಗಳ ಕಾಲ ದೊಡ್ಡ ಪ್ರಮಾಣದಲ್ಲಿ ಕಾಂಡ್ಲಾ ನೆಟ್ಟಿತು. ಅಲ್ಲಿನ ಅನುಭವವನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಸಿಗಳನ್ನು ಅವು ಸಹಜವಾಗಿ ಬೆಳೆಯದ ಕೆಸರುಬಯಲು, ಮರಳು ಮತ್ತು ಕಡಲಹುಲ್ಲಿನ ಹಾಸುಗಳ ಮೇಲೆ ನೆಟ್ಟಿದ್ದೇ ಸೋಲಿನ ಮುಖ್ಯ ಕಾರಣವೆಂದು ತೋರಿಸಿತು. ಅಲ್ಲಿ ನಷ್ಟವಾದದ್ದು ಸಸಿಗಳಷ್ಟೇ ಅಲ್ಲ, ಅವುಗಳಡಿ ಸಿಕ್ಕ ಹುಲ್ಲಿನ ಹಾಸೂ ಹಾಳಾಯಿತು. ಕಾಂಡ್ಲಾ ಮರವಿರುವ ಅಳಿವೆಯಲ್ಲಿ ಬೀಜಗಳು ಪ್ರತಿ ವರ್ಷ ನೀರಿನಲ್ಲಿ ತೇಲಿ ಎಲ್ಲೆಡೆ ಹರಡುತ್ತಲೇ ಇರುತ್ತವೆ. ಹಾಗಿದ್ದೂ ಒಂದು ಜಾಗದಲ್ಲಿ ಒಂದೂ ಗಿಡ ಏಳದಿದ್ದರೆ ಅದಕ್ಕೊಂದು ಕಾರಣವಿರಲೇಬೇಕು. ಆ ಕಾರಣವನ್ನು ಕಂಡುಹಿಡಿದು ನಿವಾರಿಸುವುದೇ ಪುನರುಜ್ಜೀವನದ ಮುಖ್ಯ ಭಾಗ. ನೆಡುವುದು ಅದರ ಕೊನೆಯ ಹಂತ, ಕೆಲವೊಮ್ಮೆ ಬೇಕೇ ಆಗದ ಹಂತ.

ಮೊದಲ ಹಂತ: ಅಳಿವೆಯನ್ನು ಬಳಸುವವರನ್ನು ಕಂಡು ಮಾತನಾಡುವುದು

ನಕ್ಷೆ ಬಿಡಿಸುವ ಮೊದಲು ಜನರ ಪಟ್ಟಿ ಮಾಡಬೇಕು. ಊರಿನ ಸಭೆಗೆ ಬರುವವರಷ್ಟೇ ಈ ಪಟ್ಟಿಯಲ್ಲಿದ್ದರೆ ಸಾಲದು. ಬಲೆ ಬೀಸುವವರು, ದೋಣಿ ಇರುವವರು, ದೋಣಿ ಇಲ್ಲದೆ ದಡದಲ್ಲೇ ಗಾಳ ಹಾಕುವವರು, ಇಳಿತದ ವೇಳೆ ಕೆಸರಿನಲ್ಲಿ ಕೂತು ಚಿಪ್ಪುಮೀನು ಆರಿಸುವ ಮಹಿಳೆಯರು, ಸಿಗಡಿ ಹೊಂಡದ ಮಾಲೀಕರು ಮತ್ತು ಅಲ್ಲಿನ ಕೂಲಿಗಳು, ದನ ಆಡು ಮೇಯಿಸುವವರು, ಮರಳು ತೆಗೆಯುವವರು, ತಗ್ಗು ಗದ್ದೆಯ ರೈತರು ಇವರೆಲ್ಲರೂ ಅದರಲ್ಲಿ ಇರಬೇಕು. ಚಿಪ್ಪು ಆರಿಸುವ ಮಹಿಳೆಯರ ಹೆಸರು ಎಷ್ಟೋ ಕಡೆ ಯಾವ ಸಂಘದ ದಾಖಲೆಯಲ್ಲೂ ಇರುವುದಿಲ್ಲ. ಆದರೆ ಕೆಸರುಬಯಲಿನ ಮೇಲೆ ಕಾಂಡ್ಲಾ ನೆಡುವ ತೀರ್ಮಾನವಾದರೆ ದುಡಿಮೆಯ ನೆಲ ಕಳೆದುಕೊಳ್ಳುವವರು ಅವರೇ.

ಭೇಟಿಯ ಸಮಯವನ್ನು ಉಬ್ಬರ ಇಳಿತ ನೋಡಿ ಗೊತ್ತುಮಾಡಬೇಕು, ಕಚೇರಿಯ ಗಂಟೆ ನೋಡಿ ಅಲ್ಲ. ಒಳ್ಳೆಯ ಇಳಿತದ ಹೊತ್ತಿನಲ್ಲಿ ಸಭೆ ಕರೆದರೆ ಬರಬೇಕಾದವರೆಲ್ಲ ನೀರಿನಲ್ಲಿರುತ್ತಾರೆ. ಸಭೆಗಿಂತಲೂ ಒಬ್ಬ ಹಿರಿಯ ಮೀನುಗಾರರ ಜೊತೆ ದೋಣಿಯಲ್ಲಿ ಒಂದು ಸುತ್ತು ಹೋಗಿಬರುವುದು ಹೆಚ್ಚು ಕಲಿಸುತ್ತದೆ ಎಂಬುದು ನನ್ನ ನಂಬಿಕೆ. ಅವರಿಗೆ ಕೇಳಬೇಕಾದ ಪ್ರಶ್ನೆಗಳು ಸರಳವಾದವು. ಮೊದಲು ಈ ಕಾಲುವೆ ಎಲ್ಲಿ ಹರಿಯುತ್ತಿತ್ತು? ಆಗ ಎಷ್ಟು ಆಳವಿತ್ತು, ಈಗ ಗಳ ಎಲ್ಲಿಗೆ ತಾಗುತ್ತದೆ? ಯಾವ ಮೀನು ಯಾವ ತಿಂಗಳಲ್ಲಿ ಸಿಗುತ್ತಿತ್ತು, ಯಾವಾಗಿನಿಂದ ನಿಂತಿತು? ಈ ಒಡ್ಡು ಯಾವಾಗ ಕಟ್ಟಿದ್ದು? ಉತ್ತರಗಳನ್ನು ಅಲ್ಲಲ್ಲೇ ಒಂದು ದೊಡ್ಡ ಹಾಳೆಯ ಮೇಲೆ ಅವರ ಕೈಯಿಂದಲೇ ಗುರುತು ಹಾಕಿಸಿಕೊಳ್ಳಬೇಕು. ಹಳೆಯ ಸರ್ವೆ ನಕ್ಷೆ ಮತ್ತು ಉಪಗ್ರಹದ ಹಳೆಯ ಚಿತ್ರಗಳು ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಇಬ್ಬರು ಹಿರಿಯರ ನೆನಪು ಒಂದಕ್ಕೊಂದು ಹೊಂದದಿದ್ದರೆ ಆ ಜಾಗಕ್ಕೆ ಇಬ್ಬರನ್ನೂ ಕರೆದುಕೊಂಡು ಹೋಗಿ ನಿಲ್ಲಿಸಿದರೆ ಸಾಕು, ಚರ್ಚೆ ತಾನಾಗಿ ತಿಳಿಯಾಗುತ್ತದೆ.

ಎರಡನೆಯ ಹಂತ: ನೀರನ್ನು ಓದುವುದು

ಅಳಿವೆಯ ಯಾವ ಗಿಡ ಎಲ್ಲಿ ಬದುಕುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ನೆಲದ ಎತ್ತರ. ಅಂದರೆ ಉಬ್ಬರದ ನೀರು ಆ ಜಾಗವನ್ನು ಎಷ್ಟು ಸಲ, ಎಷ್ಟು ಹೊತ್ತು ಮುಚ್ಚುತ್ತದೆ ಎಂಬುದು. ಮಲಯ ಪರ್ಯಾಯ ದ್ವೀಪದ ಅರಣ್ಯಾಧಿಕಾರಿ ವಾಟ್ಸನ್ 1928ರಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು ಕಾಂಡ್ಲಾ ನೆಲವನ್ನು ಐದು ವರ್ಗಗಳಾಗಿ ವಿಂಗಡಿಸಿದರು. ಎಲ್ಲ ಉಬ್ಬರಗಳಲ್ಲೂ, ಎಂದರೆ ತಿಂಗಳಿಗೆ 56ರಿಂದ 62 ಸಲ ಮುಳುಗುವ ನೆಲ ಮೊದಲನೆಯ ವರ್ಗ. ಅಲ್ಲಿ ಗಿಡಗಳು ನೆಲೆಯೂರುವುದೇ ಕಷ್ಟ. ತಿಂಗಳಿಗೆ 20ರಿಂದ 45 ಸಲ ಮುಳುಗುವ ಮಧ್ಯದ ವರ್ಗದಲ್ಲಿ ಹೆಚ್ಚಿನ ಜಾತಿಗಳು ಸೊಂಪಾಗಿ ಬೆಳೆಯುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರದಲ್ಲಿ ಮಾತ್ರ ನೀರು ಕಾಣುವ ನೆಲ ಅದರ ಮೇಲಿನದು. ದಿನಕ್ಕೆರಡು ಉಬ್ಬರವಿರುವ ಕಡಲಿಗೆ ಹೊಂದುವ ಲೆಕ್ಕ ಇದು. ಇಂದಿಗೂ ಕೆಲಸಕ್ಕೆ ಬರುವ ಸ್ಥೂಲ ನಿಯಮವೆಂದರೆ, ಕಾಂಡ್ಲಾ ಗಿಡಗಳು ಸರಾಸರಿ ಸಮುದ್ರಮಟ್ಟದಿಂದ ಅತಿ ದೊಡ್ಡ ಉಬ್ಬರದ ಮಟ್ಟದವರೆಗಿನ ಪಟ್ಟಿಯಲ್ಲಿ ಬೆಳೆಯುತ್ತವೆ ಮತ್ತು ಒಟ್ಟು ಸಮಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಾಲ ಮುಳುಗಿರುವ ನೆಲದಲ್ಲಿ ನಿಲ್ಲುವುದು ಕಡಿಮೆ.

ಈ ಎತ್ತರವನ್ನು ಅಳೆಯಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ನೀರಿನ ಪೈಪೇ ಸಾಕು. ಹತ್ತಿಪ್ಪತ್ತು ಮೀಟರ್ ಉದ್ದದ ಪೈಪಿಗೆ ಗುಳ್ಳೆ ಇಲ್ಲದಂತೆ ನೀರು ತುಂಬಿ, ಅದರ ಎರಡು ತುದಿಗಳನ್ನು ಸೆಂಟಿಮೀಟರ್ ಗುರುತು ಹಾಕಿದ ಎರಡು ಕೋಲುಗಳಿಗೆ ಕಟ್ಟಬೇಕು. ಒಬ್ಬರು ಹತ್ತಿರದ ಆರೋಗ್ಯವಂತ ಕಾಂಡ್ಲಾ ಕಾಡಿನೊಳಗೆ, ಎಳೆಯ ಸಸಿಗಳು ತಾವಾಗಿಯೇ ಎದ್ದಿರುವ ಜಾಗದಲ್ಲಿ ಕೋಲು ಊರಿ ನಿಲ್ಲಬೇಕು. ಇನ್ನೊಬ್ಬರು ಹಾಳಾದ ಜಾಗದ ಕಡೆಗೆ ಹೆಜ್ಜೆ ಹಾಕಬೇಕು. ಎರಡೂ ಕೋಲುಗಳಲ್ಲಿ ನೀರು ನಿಂತ ಗುರುತನ್ನು ಓದಿದರೆ ಆ ಎರಡು ಜಾಗಗಳ ಎತ್ತರದ ವ್ಯತ್ಯಾಸ ಸಿಗುತ್ತದೆ. ಪೈಪಿನ ಉದ್ದ ಮುಗಿದಾಗ ಹಿಂದಿನವರು ಮುಂದೆ ಬಂದು ಅದನ್ನೇ ಮತ್ತೆ ಮಾಡುತ್ತಾ ಹೋಗಬೇಕು. ಕೋಲು ಕೆಸರಿನಲ್ಲಿ ಇಳಿಯದಂತೆ ಅದರ ಬುಡಕ್ಕೊಂದು ಚಪ್ಪಟೆ ಹಲಗೆ ತುಂಡು ಬಡಿದಿರಬೇಕು. ಇಷ್ಟನ್ನು ಮರೆತರೆ ಇಡೀ ದಿನದ ಅಳತೆ ವ್ಯರ್ಥವಾಗುತ್ತದೆ. ಇಲ್ಲಿ ಹತ್ತು ಸೆಂಟಿಮೀಟರ್ ಕೂಡ ಸಣ್ಣ ಅಂತರವಲ್ಲ. ತೀರಾ ಸಮತಟ್ಟಾದ ಕೆಸರಿನಲ್ಲಿ ಅಷ್ಟು ತಗ್ಗಾದರೆ ನೀರು ಗಂಟೆಗಟ್ಟಲೆ ಹೆಚ್ಚು ಹೊತ್ತು ನಿಲ್ಲಬಹುದು.

ನೀರು ಎಷ್ಟು ಎತ್ತರ ಏರುತ್ತದೆಂದು ತಿಳಿಯಲು, ಸೀಮೆಸುಣ್ಣ ಬಳಿದ ಗೂಟಗಳನ್ನು ಕಾಲುವೆಯ ಬಾಯಿಯಲ್ಲಿ, ನಡುವಿನಲ್ಲಿ ಮತ್ತು ಜಾಗದ ಒಳತುದಿಯಲ್ಲಿ ಊರಬಹುದು. ಉಬ್ಬರ ಇಳಿದ ಮೇಲೆ ಸುಣ್ಣ ತೊಳೆದುಹೋದ ಗೆರೆಯನ್ನು ಅಳೆದು, ದಿನಾಂಕ ಬರೆದು, ಮತ್ತೆ ಬಳಿಯಬೇಕು. ಕನಿಷ್ಠ ಒಂದು ಪೂರ್ಣ ಚಾಂದ್ರಮಾನ ತಿಂಗಳು ಇದನ್ನು ಮಾಡಿದರೆ ದೊಡ್ಡ ಉಬ್ಬರ, ಸಣ್ಣ ಉಬ್ಬರ ಎರಡರ ಚಿತ್ರವೂ ಸಿಗುತ್ತದೆ. ಬಾಯಿಯಲ್ಲಿ ನೀರು ಚೆನ್ನಾಗಿ ಏರಿ ಒಳತುದಿಯಲ್ಲಿ ಏರದಿದ್ದರೆ ನಡುವೆ ಎಲ್ಲೋ ತಡೆಯಿದೆ ಎಂದರ್ಥ. ಒಳಗೆ ಬಂದ ನೀರು ಇಳಿತದಲ್ಲಿ ಹೊರಗೆ ಹೋಗದೆ ನಿಂತರೆ ಅದೂ ಅಷ್ಟೇ ಕೆಡುಕು. ನಿಂತ ನೀರು ಬಿಸಿಲಿಗೆ ಆವಿಯಾಗಿ ಉಪ್ಪಿನಂಶ ಕಡಲಿಗಿಂತಲೂ ಹೆಚ್ಚಾಗುತ್ತದೆ, ಮಣ್ಣಿನಲ್ಲಿ ಆಮ್ಲಜನಕ ಇಲ್ಲವಾಗುತ್ತದೆ, ಬೇರು ಕೊಳೆಯುತ್ತದೆ. ಕಡಲನೀರಿನ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ. ಕೈಯಲ್ಲಿ ಹಿಡಿದು ನೋಡುವ ರಿಫ್ರ್ಯಾಕ್ಟೋಮೀಟರ್ ಎಂಬ ಸಣ್ಣ ಉಪಕರಣದಿಂದ ಇದನ್ನು ಒಂದೆರಡು ಹನಿ ನೀರಿನಲ್ಲೇ ಅಳೆಯಬಹುದು, ಶಾಲಾ ಮಕ್ಕಳೂ ಅರ್ಧ ಗಂಟೆಯಲ್ಲಿ ಕಲಿಯಬಹುದು.

ಮೂರನೆಯ ಹಂತ: ಕೆಟ್ಟದ್ದು ಯಾವುದರಿಂದ ಎಂದು ತೀರ್ಮಾನಿಸುವುದು

ಅಳತೆಗಳೂ ಜನರ ನೆನಪುಗಳೂ ಒಂದೆಡೆ ಸೇರಿದಾಗ ಕಾರಣಗಳು ಸಾಮಾನ್ಯವಾಗಿ ಕೆಲವೇ ಇರುತ್ತವೆ. ರಸ್ತೆಯ ಕೆಳಗಿನ ಕಿರಿದಾದ ಮೋರಿ, ಹಳೆಯ ಸಿಗಡಿ ಹೊಂಡದ ಒಡ್ಡು, ಬಾಗಿಲು ಕೆಟ್ಟ ತೂಬು, ಹೂಳು ತುಂಬಿ ಮುಚ್ಚಿದ ಅಳಿವೆ ಬಾಯಿ ಇವು ಕಣ್ಣಿಗೆ ಕಾಣುವಂಥವು. ಮೇಲ್ಭಾಗದ ಅಣೆಕಟ್ಟಿನಿಂದಾಗಿ ಸಿಹಿನೀರೂ ಹೂಳೂ ಕಡಿಮೆಯಾಗಿರುವುದು, ಚರಂಡಿ ನೀರಿನಲ್ಲಿ ಸಾರಜನಕ ಹೆಚ್ಚಾಗಿ ಪಾಚಿ ಬೆಳೆದು ಕಡಲಹುಲ್ಲಿಗೆ ಬೆಳಕು ತಲುಪದಿರುವುದು ಇವು ತಕ್ಷಣ ಕಾಣದಂಥವು. ಕೊನೆಯದಕ್ಕೆ ಅಮೆರಿಕದ ಟ್ಯಾಂಪಾ ಕೊಲ್ಲಿ ಒಳ್ಳೆಯ ಉದಾಹರಣೆ. ಅಲ್ಲಿ ದಶಕಗಳ ಕಾಲ ಕೊಳಚೆ ನೀರನ್ನು ಸಂಸ್ಕರಿಸಿ ಸಾರಜನಕವನ್ನು ಇಳಿಸಿದ ಮೇಲೆ ಕಡಲಹುಲ್ಲು ತಾನಾಗಿ ಹರಡಿತು. 2014ರ ಸಮೀಕ್ಷೆಯ ಹೊತ್ತಿಗೆ ಅದು 1950ರ ದಶಕದ ವಿಸ್ತಾರವನ್ನು ಆಧರಿಸಿ ಹಾಕಿಕೊಂಡಿದ್ದ ಗುರಿಯನ್ನು ದಾಟಿತ್ತು. ಆಮೇಲಿನ ವರ್ಷಗಳಲ್ಲಿ ಮತ್ತೆ ಇಳಿಮುಖವಾಯಿತು. ಹೊರಗಿನಿಂದ ಬರುವ ಕೊಳೆಯ ಮೇಲಿನ ನಿಗಾ ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ.

ಒಂದು ಅಪಾಯವನ್ನು ಮಾತ್ರ ಒತ್ತಿ ಹೇಳಬೇಕು. ಕಾಂಡ್ಲಾ ನೆಲದ ಕೆಸರಿನಲ್ಲಿ ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್ ಎಂಬ ಖನಿಜ ಇರುತ್ತದೆ. ನೀರಿನಡಿ ಇರುವವರೆಗೆ ಅದರಿಂದ ತೊಂದರೆಯಿಲ್ಲ. ಆ ಮಣ್ಣನ್ನು ಅಗೆದು ಗಾಳಿಗೊಡ್ಡಿದರೆ ಗಂಧಕಾಮ್ಲ ಉಂಟಾಗುತ್ತದೆ. ಒಣಗಿಸಿ ಬಿಟ್ಟ ಹೊಂಡದ ಒಡ್ಡಿನ ಬುಡದಲ್ಲಿ ತುಕ್ಕಿನ ಬಣ್ಣದ ನೀರು ಜಿನುಗುತ್ತಿದ್ದರೆ, ಮಣ್ಣಿನ ಬಿರುಕುಗಳಲ್ಲಿ ತಿಳಿ ಹಳದಿ ಕಲೆಗಳಿದ್ದರೆ, ಅಲ್ಲಿ ಗುದ್ದಲಿ ಹಾಕುವ ಮೊದಲು ಮಣ್ಣಿನ ಆಮ್ಲೀಯತೆಯನ್ನು ಪರೀಕ್ಷಿಸಲೇಬೇಕು. ಮೊದಲ ಮಳೆಗೆ ಈ ಆಮ್ಲ ಕಾಲುವೆಗೆ ಇಳಿದು ಮೀನು ಸತ್ತರೆ, ಯೋಜನೆಯ ಮೇಲೆ ಊರವರು ಇಟ್ಟ ವಿಶ್ವಾಸವೂ ಅಂದೇ ಹೋಗುತ್ತದೆ.

ನಾಲ್ಕನೆಯ ಹಂತ: ಅನುಮತಿ ಮತ್ತು ಒಪ್ಪಂದ

ಕರಾವಳಿಯ ನೆಲ, ಅರಣ್ಯ, ಮೀನುಗಾರಿಕೆ ಮತ್ತು ಜಲಮಾರ್ಗಗಳಿಗೆ ಸಂಬಂಧಿಸಿದ ಅನುಮತಿಗಳನ್ನು ಲಿಖಿತವಾಗಿ ಪಡೆಯದೆ ಒಂದು ಬುಟ್ಟಿ ಮಣ್ಣನ್ನೂ ಎತ್ತಬಾರದು. ಒಡ್ಡು ಒಡೆಯುವುದು ಒಳ್ಳೆಯ ಉದ್ದೇಶದಿಂದಲೇ ಆದರೂ ಕಾನೂನಿನ ಕಣ್ಣಿಗೆ ಅದು ಒಡ್ಡು ಒಡೆಯುವುದೇ.

ಅದಕ್ಕಿಂತ ಹೆಚ್ಚು ಸಮಯ ಬೇಡುವುದು ಊರವರ ನಡುವಿನ ಒಪ್ಪಂದ. ಕಾಡು ಎದ್ದ ಮೇಲೆ ಅದರಲ್ಲಿ ಏಡಿ ಹಿಡಿಯುವ ಹಕ್ಕು ಯಾರದು, ಉರುವಲು ಕಡಿಯಬಹುದೇ, ಮೊದಲ ಮೂರು ವರ್ಷ ದನ ಆಡುಗಳನ್ನು ಎಲ್ಲಿ ಮೇಯಿಸುವುದು, ಹೊಂಡ ಬಿಟ್ಟುಕೊಟ್ಟವರಿಗೆ ಪ್ರತಿಯಾಗಿ ಏನು, ಕೂಲಿ ಎಷ್ಟು, ಕೂಲಿಯಲ್ಲಿ ಗಂಡು ಹೆಣ್ಣಿಗೆ ವ್ಯತ್ಯಾಸ ಇಲ್ಲವಷ್ಟೇ, ಮುಂದೆ ಆದಾಯ ಬಂದರೆ ಯಾವ ಖಾತೆಗೆ ಹೋಗುತ್ತದೆ ಮತ್ತು ಅದರ ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು ಎಂಬುದೆಲ್ಲ ಬರಹದಲ್ಲಿ ಇರಬೇಕು. ಓದಲು ಬಾರದವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಕೀನ್ಯಾದ ಗಾಜಿ ಕೊಲ್ಲಿಯಲ್ಲಿ ನಡೆಯುತ್ತಿರುವ ಮಿಕೋಕೊ ಪಮೋಜಾ ಎಂಬ ಯೋಜನೆ ಈ ವಿಷಯದಲ್ಲಿ ನೋಡತಕ್ಕದ್ದು. ಸ್ವಾಹಿಲಿಯಲ್ಲಿ ಆ ಹೆಸರಿಗೆ 'ಕಾಂಡ್ಲಾ ಒಟ್ಟಾಗಿ' ಎಂಬ ಅರ್ಥ. ಅಲ್ಲಿನ ಹಳ್ಳಿಯವರು 117 ಹೆಕ್ಟೇರ್ ಕಾಡನ್ನು ಕಾಯ್ದು, ಅದು ಹಿಡಿದಿಡುವ ಇಂಗಾಲಕ್ಕೆ ಪ್ರತಿಯಾಗಿ ಬರುವ ಹಣವನ್ನು ಕುಡಿಯುವ ನೀರು, ಶಾಲೆ ಮುಂತಾದ ಊರಿನ ಕೆಲಸಗಳಿಗೆ ಬಳಸುತ್ತಿದ್ದಾರೆ. ಆದರೆ ಇಂಗಾಲದ ಹಣವನ್ನು ಮೊದಲ ದಿನವೇ ಜನರ ಮುಂದಿಟ್ಟು ಆಸೆ ಹುಟ್ಟಿಸುವುದು ಸರಿಯಲ್ಲ. ಆ ಹಣ ಬರಲು ವರ್ಷಗಳು ಬೇಕು, ಅಳತೆ ಮತ್ತು ಪ್ರಮಾಣೀಕರಣಕ್ಕೂ ಖರ್ಚಿದೆ.

ಐದನೆಯ ಹಂತ: ನೀರಿಗೆ ದಾರಿ ಬಿಡುವುದು

ಒಡ್ಡನ್ನು ಎಲ್ಲಿ ತೆರೆಯಬೇಕು ಎಂಬುದಕ್ಕೆ ಉತ್ತರ ಹಳೆಯ ಕಾಲುವೆಯೇ ಹೇಳುತ್ತದೆ. ನೀರು ಹಿಂದೆ ಹರಿದ ಜಾಗದಲ್ಲಿ ತೆರೆದರೆ ಅದು ತನ್ನ ಹಾದಿಯನ್ನು ತಾನೇ ತೋಡಿಕೊಳ್ಳುತ್ತದೆ, ಬೇರೆಡೆ ತೆರೆದರೆ ದಡ ಕೊರೆಯುತ್ತದೆ. ಮೊದಲು ಒಳಗಿನ ಕಾಲುವೆಗಳನ್ನು ಇಳಿತದ ಹೊತ್ತಿನಲ್ಲಿ ಕೈಯಿಂದಲೇ ಬಿಡಿಸಿಕೊಳ್ಳಬೇಕು. ಒಡ್ಡನ್ನು ಕೊನೆಗೆ, ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರದ ದಿನಗಳಲ್ಲಿ ಇಳಿತ ಪೂರ್ಣವಾದಾಗ ಕಡಿಯಬೇಕು. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಉಬ್ಬರಕ್ಕೆ ಎದುರಾಗಿ ತೆರೆದರೆ ನುಗ್ಗುವ ನೀರಿನ ರಭಸಕ್ಕೆ ಬಾಯಿ ಬೇಡದಷ್ಟು ಅಗಲವಾಗುತ್ತದೆ. ಅಕ್ಕಪಕ್ಕದ ಗದ್ದೆ, ಬಾವಿ ಮತ್ತು ಮನೆಗಳಿಗೆ ಉಪ್ಪುನೀರು ತಲುಪುವುದಿಲ್ಲ ಎಂಬುದನ್ನು ಎರಡನೆಯ ಹಂತದ ಅಳತೆಗಳಿಂದ ಮೊದಲೇ ಖಚಿತಪಡಿಸಿಕೊಂಡು, ಬೇಕಾದಲ್ಲಿ ಒಳಗಡೆ ಹೊಸ ಒಡ್ಡು ಕಟ್ಟಿಯಾದ ಮೇಲೆಯೇ ಹಳೆಯದಕ್ಕೆ ಕೈಹಾಕಬೇಕು. ಇಂಗ್ಲೆಂಡಿನ ಮೆಡ್‌ಮೆರಿಯಲ್ಲಿ ಈ ಕ್ರಮವನ್ನೇ ಅನುಸರಿಸಿ, ಒಳನಾಡಿನಲ್ಲಿ ಹೊಸ ದಿಬ್ಬ ಕಟ್ಟಿದ ನಂತರ 2013ರಲ್ಲಿ ಕಡಲಿಗೆ ದಾರಿ ಬಿಡಲಾಯಿತು.

ನೀರಿನ ದಾರಿ ತೆರೆದರೆ ಎಷ್ಟಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನ ಸಾಕು. ಒಡಿಶಾದ ಚಿಲಿಕಾ ಸರೋವರ ಹೂಳಿನಿಂದಲೂ ಕಡಲಿನ ಸಂಪರ್ಕ ಕಡಿಮೆಯಾದದ್ದರಿಂದಲೂ ಸೊರಗಿ, 1993ರಲ್ಲಿ ಅಪಾಯದಲ್ಲಿರುವ ರಾಮ್ಸಾರ್ ತಾಣಗಳ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ) ಪಟ್ಟಿಯಾದ ಮಾಂಟ್ರೊ ದಾಖಲೆಗೆ ಸೇರಿತ್ತು. 2000ದ ಸೆಪ್ಟೆಂಬರಿನಲ್ಲಿ ಕಡಲಿಗೆ ಹೊಸ ಬಾಯಿ ತೆರೆದ ಮೇಲೆ ಉಪ್ಪಿನ ಹದ ಮರಳಿತು, ಮೀನಿನ ಇಳುವರಿ ಏರಿತು, 2002ರಲ್ಲಿ ಅದರ ಹೆಸರು ಆ ಪಟ್ಟಿಯಿಂದ ಹೊರಬಂತು. ಫ್ಲೋರಿಡಾದ ವೆಸ್ಟ್ ಲೇಕ್ ಪ್ರದೇಶದಲ್ಲಿ ಕಾಂಡ್ಲಾ ಪುನರುಜ್ಜೀವನದ ತಜ್ಞ ರಾಬಿನ್ ಲೂಯಿಸ್ ಅವರ ಮಾರ್ಗದರ್ಶನದಲ್ಲಿ ಸುಮಾರು 500 ಹೆಕ್ಟೇರ್ ಕಾಂಡ್ಲಾ ನೆಲವನ್ನು ಮರಳಿ ರೂಪಿಸಿದ್ದು ಮಣ್ಣಿನ ಮಟ್ಟ ಸರಿಪಡಿಸಿ, ಉಬ್ಬರದ ಕಾಲುವೆಗಳನ್ನು ತೆರೆದು. ಕಾಂಡ್ಲಾ ಸಸಿ ನೆಡಲಿಲ್ಲ, ಬೀಜಗಳನ್ನು ನೀರೇ ತಂದಿತು.

ಕೊರೆತದಿಂದ ನೆಲವೇ ತಗ್ಗಾಗಿದ್ದರೆ ಮಾತ್ರ ಬೇರೆ ಉಪಾಯ ಬೇಕು. ಇಂಡೋನೇಷ್ಯಾದ ಜಾವಾ ದ್ವೀಪದ ಡೆಮಾಕ್ ಕರಾವಳಿಯಲ್ಲಿ ಹಳ್ಳಿಯವರು ಎರಡು ಸಾಲು ಗೂಟಗಳ ನಡುವೆ ಪೊದೆಕಡ್ಡಿಗಳನ್ನು ತುಂಬಿ ಬೇಲಿ ಕಟ್ಟಿದರು. ಅಲೆಯ ಬಲ ಅಲ್ಲಿ ಮುರಿಯುತ್ತದೆ, ನೀರು ಒಳಗೆ ಬರುತ್ತದೆ, ತಂದ ಹೂಳನ್ನು ಬಿಟ್ಟುಹೋಗುತ್ತದೆ. ಹೂಳು ಸಾಕಷ್ಟು ಎತ್ತರಕ್ಕೆ ಬಂದಲ್ಲಿ ಕಾಂಡ್ಲಾ ತಾನಾಗಿ ಏಳುತ್ತದೆ. ಈ ಬೇಲಿಗೆ ಪ್ರತಿ ವರ್ಷ ದುರಸ್ತಿ ಬೇಕು. ಅಂತರ್ಜಲ ಎತ್ತುವುದರಿಂದ ನೆಲವೇ ಕುಸಿಯುತ್ತಿರುವ ಕಡೆ ಅದೂ ಸೋಲುತ್ತದೆ ಎಂಬುದು ಡೆಮಾಕ್‌ನ ಅನುಭವವೇ.

ಆರನೆಯ ಹಂತ: ಕಾಯುವುದು, ಬೇಕಾದರಷ್ಟೇ ನೆಡುವುದು

ದಾರಿ ತೆರೆದ ಮೇಲೆ ಕನಿಷ್ಠ ಒಂದು ಬೀಜದ ಋತು, ಸಾಧ್ಯವಾದರೆ ಎರಡು, ಏನೂ ನೆಡದೆ ನೋಡಬೇಕು. ಹಣ ಕೊಟ್ಟವರು ಫೋಟೋ ಕೇಳುವ ಕಾಲದಲ್ಲಿ ಇದು ಅತಿ ಕಷ್ಟದ ಹಂತ. ತೆರೆದ ಕಾಲುವೆಯ, ಏರಿದ ನೀರಿನ ಫೋಟೋಗಳನ್ನೇ ಅವರಿಗೆ ಕಳಿಸಬಹುದು. ತಾವಾಗಿ ಬಂದ ಸಸಿಗಳು ಆ ಮಣ್ಣಿಗೆ, ಆ ಎತ್ತರಕ್ಕೆ ಒಗ್ಗಿದವು. ಅವುಗಳಲ್ಲಿ ಹಲವು ಜಾತಿಗಳಿರುತ್ತವೆ. ಕೈಯಿಂದ ನೆಟ್ಟ ತೋಪುಗಳಲ್ಲಿ ಸಾಮಾನ್ಯವಾಗಿ ಒಂದೇ ಜಾತಿ ಇರುತ್ತದೆ.

ಹತ್ತಿರದಲ್ಲಿ ತಾಯಿಮರಗಳೇ ಇಲ್ಲದಿದ್ದರೆ ಅಥವಾ ಒಡ್ಡುಗಳಿಂದಾಗಿ ಬೀಜ ತಲುಪದಿದ್ದರೆ ನೆಡುವುದು ನ್ಯಾಯವೇ. ಕಾಂಡ್ಲಾದ ರೈಜೋಫೋರಾ ಜಾತಿಯಲ್ಲಿ ಬೀಜ ಮರದ ಮೇಲೇ ಮೊಳೆತು, ಹಸಿರು ಕೋಲಿನಂತೆ ಕೆಳಮುಖವಾಗಿ ತೂಗುತ್ತದೆ. ನೋಡಲು ಸುಲಭ, ಆರಿಸಲು ಸುಲಭ, ಕೆಸರಿಗೆ ಚುಚ್ಚಲೂ ಸುಲಭ, ಆದ್ದರಿಂದಲೇ ಎಲ್ಲರೂ ಅದನ್ನೇ ನೆಡುತ್ತಾರೆ. ಆದರೆ ಕಡಲಂಚಿನ ಬಯಲು ಕೆಸರಿಗೆ ಮೊದಲು ಬರುವವು ಸಾಮಾನ್ಯವಾಗಿ ಅವಿಸೆನಿಯಾ ಮತ್ತು ಸೊನ್ನರೇಶಿಯಾ ಜಾತಿಗಳು. ಇವುಗಳ ಬೀಜಗಳನ್ನು ಸಸಿಮಡಿಯಲ್ಲಿ ಬೆಳೆಸಿ ಕೊಂಡೊಯ್ಯಬೇಕಾಗುತ್ತದೆ, ಶ್ರಮ ಹೆಚ್ಚು. ಆ ಶ್ರಮ ಬೇಡವೆಂದು ಜಾತಿ ಬದಲಿಸಿದರೆ ಫಲಿತಾಂಶವೂ ಬದಲಾಗುತ್ತದೆ.

ರೈಜೋಫೋರಾದ ಕೋಲನ್ನು ಆರಿಸುವಾಗ ಅದರ ಮೇಲ್ತುದಿಯನ್ನು ಗಮನಿಸಬೇಕು. ಬಲಿತ ಕೋಲಿನಲ್ಲಿ ಕಾಯಿಯ ಟೊಪ್ಪಿಗೆಯ ಕೆಳಗೆ ಹಳದಿ ಅಥವಾ ನಸುಗೆಂಪು ಬಣ್ಣದ ಉಂಗುರ ಮೂಡಿರುತ್ತದೆ, ಮೆಲ್ಲಗೆ ತಿರುಚಿದರೆ ಟೊಪ್ಪಿಗೆಯಿಂದ ಕಳಚಿ ಕೈಗೆ ಬರುತ್ತದೆ. ಎಳೆಯಬೇಕಾಗಿ ಬಂದರೆ ಅದಿನ್ನೂ ಬಲಿತಿಲ್ಲ. ತೂತು ಬಿದ್ದವನ್ನು, ಬಾಡಿದವನ್ನು ಬಿಟ್ಟು, ಉಳಿದವನ್ನು ನೆರಳಿನಲ್ಲಿ ಒದ್ದೆ ಗೋಣಿಯಲ್ಲಿ ಮಲಗಿಸಿಡಬೇಕು. ನೆಡುವಾಗ ಬೇರಿನ ತುದಿ ಕೆಳಗಿರಬೇಕು, ಮೂರನೇ ಒಂದು ಭಾಗ ಮಾತ್ರ ಕೆಸರಿನೊಳಗೆ ಹೋಗಬೇಕು. ಸಾಲು ಸಾಲಾಗಿ ನೆಡುವ ಬದಲು, ಇದ್ದ ಗಿಡಗಳ ಆಸರೆಯಲ್ಲಿ ಗುಂಪು ಗುಂಪಾಗಿ, ನಡುನಡುವೆ ನೀರು ಹರಿಯಲು ಜಾಗ ಬಿಟ್ಟು ನೆಡುವುದು ಮೇಲು. ಆಮೇಲಿನ ಎರಡು ಮೂರು ವರ್ಷ ಸಸಿಗೆ ಸುತ್ತಿಕೊಂಡ ಪ್ಲಾಸ್ಟಿಕ್ ಮತ್ತು ಬಲೆಯ ತುಂಡುಗಳನ್ನು ಬಿಡಿಸುವ ಪಾಳಿ ಬೇಕು. ಕಾಂಡದ ಮೇಲೆ ಬಾರ್ನಕಲ್ ಎಂಬ ಚಿಪ್ಪುಜೀವಿಗಳು ದಟ್ಟವಾಗಿ ಅಂಟಿದ್ದರೆ ಆ ಜಾಗ ಹೆಚ್ಚು ಹೊತ್ತು ಮುಳುಗಿರುತ್ತದೆ ಎಂಬ ಸೂಚನೆ. ಅವನ್ನು ಕೆರೆದು ತೆಗೆಯುವುದಕ್ಕಿಂತ ಜಾಗದ ಆಯ್ಕೆಯನ್ನೇ ಮರುಪರಿಶೀಲಿಸುವುದು ಉತ್ತಮ.

ನೀರಿನಡಿಯ ನೆಲೆಗಳು

ಕಡಲಹುಲ್ಲಿಗೂ ಇದೇ ನಿಯಮ: ಮೊದಲು ನೀರು ತಿಳಿಯಾಗಬೇಕು. ವರ್ಜೀನಿಯಾದ ಕರಾವಳಿಯಲ್ಲಿ ರೋಗ ಮತ್ತು 1933ರ ಚಂಡಮಾರುತದಿಂದ ಈಲ್‌ಗ್ರಾಸ್ ಎಂಬ ಹುಲ್ಲು ಸಂಪೂರ್ಣ ಅಳಿದಿತ್ತು. ನೀರು ಚೆನ್ನಾಗಿತ್ತು, ಬೀಜ ಮಾತ್ರ ಬರುವ ದಾರಿಯಿರಲಿಲ್ಲ. ವಿಜ್ಞಾನಿಗಳೂ ಸ್ವಯಂಸೇವಕರೂ ಸೇರಿ ಸುಮಾರು ಇಪ್ಪತ್ತು ವರ್ಷಗಳಲ್ಲಿ 7 ಕೋಟಿಗೂ ಹೆಚ್ಚು ಬೀಜಗಳನ್ನು 200 ಹೆಕ್ಟೇರ್‌ಗಿಂತ ಸ್ವಲ್ಪ ಹೆಚ್ಚು ಜಾಗದಲ್ಲಿ ಬಿತ್ತಿದರು. ಅದು 3,600 ಹೆಕ್ಟೇರ್‌ಗೂ ಹೆಚ್ಚು ಹರಡಿತೆಂದು 2020ರಲ್ಲಿ ವರದಿಯಾಯಿತು. ಇಲ್ಲಿ ಬಿತ್ತನೆಯೇ ಸರಿಯಾದ ಮದ್ದಾಗಿತ್ತು, ಏಕೆಂದರೆ ಕೊರತೆಯಿದ್ದದ್ದು ಬೀಜದ್ದೇ.

ಸಿಂಪಿಗೆ ಬೇಕಾದದ್ದು ಅಂಟಿಕೊಳ್ಳಲು ಗಟ್ಟಿ ನೆಲೆ. ಈಜಾಡುವ ಮರಿಗಳು ಹಳೆಯ ಸಿಂಪಿಯ ಚಿಪ್ಪಿನ ಮೇಲೆ ಕೂರಲು ಇಷ್ಟಪಡುತ್ತವೆ. ಆದ್ದರಿಂದ ತಿಂದು ಬಿಸಾಡುವ ಚಿಪ್ಪುಗಳನ್ನು ಸಂಗ್ರಹಿಸಿ, ರೋಗಾಣುಗಳು ಸಾಯುವಂತೆ ಆರು ತಿಂಗಳಿಂದ ಒಂದು ವರ್ಷ ಬಿಸಿಲಿನಲ್ಲಿ ಒಣಗಿಸಿ, ಮತ್ತೆ ನೀರಿಗೆ ಹಾಕುವ ಪದ್ಧತಿ ಹಲವೆಡೆ ಇದೆ. ನ್ಯೂಯಾರ್ಕ್ ಬಂದರಿನಲ್ಲಿ 2014ರಲ್ಲಿ ಆರಂಭವಾದ ಬಿಲಿಯನ್ ಆಯ್ಸ್ಟರ್ ಪ್ರಾಜೆಕ್ಟ್ ಹೋಟೆಲುಗಳಿಂದ ಚಿಪ್ಪು ಸಂಗ್ರಹಿಸಿ, ಶಾಲಾ ಮಕ್ಕಳನ್ನು ಸೇರಿಸಿಕೊಂಡು ಈ ಕೆಲಸ ಮಾಡುತ್ತಿದೆ. ಬೆಳೆದ ಸಿಂಪಿಯೊಂದು ಅನುಕೂಲಕರ ಸ್ಥಿತಿಯಲ್ಲಿ ದಿನಕ್ಕೆ 190 ಲೀಟರ್‌ವರೆಗೆ ನೀರು ಸೋಸಬಲ್ಲದು. ಕೊಳಕನ್ನು ಸೋಸುವ ಜೀವಿಯ ಮೈಯಲ್ಲಿ ಆ ಕೊಳಕೂ ಉಳಿಯುವುದರಿಂದ, ಚರಂಡಿ ನೀರು ಸೇರುವ ಕಡೆ ಬೆಳೆಸಿದ ಸಿಂಪಿಯನ್ನು ತಿನ್ನಬಾರದೆಂದು ದಡದಲ್ಲೇ ಫಲಕ ಹಾಕಬೇಕು.

ಕೊನೆಯ ಹಂತ: ಐದು ವರ್ಷದ ದಾಖಲೆ

ಎಷ್ಟು ಸಸಿ ನೆಟ್ಟಿರಿ ಎಂಬ ಸಂಖ್ಯೆಯಿಂದ ಅಳಿವೆಯ ಸ್ಥಿತಿ ತಿಳಿಯುವುದಿಲ್ಲ. ಬದಲಾಗಿ ನಾಲ್ಕು ಮೂಲೆಗೆ ಗೂಟ ಹೊಡೆದ ಹತ್ತು ಮೀಟರ್ ಚೌಕಗಳನ್ನು ಜಾಗದ ಎತ್ತರ, ಮಧ್ಯಮ ಮತ್ತು ತಗ್ಗು ಭಾಗಗಳಲ್ಲಿ ಗುರುತಿಸಿ, ವರ್ಷಕ್ಕೆರಡು ಸಲ ಅದರೊಳಗಿನ ಬದುಕಿರುವ ಗಿಡಗಳನ್ನು ಜಾತಿವಾರು ಎಣಿಸಬೇಕು, ಎತ್ತರ ಅಳೆಯಬೇಕು. ಏಡಿಯ ಬಿಲಗಳನ್ನು ಎಣಿಸಲು ಒಂದು ಮೀಟರಿನ ಚೌಕ ಸಾಕು. ಹೋಲಿಕೆಗಾಗಿ ಪಕ್ಕದ ಆರೋಗ್ಯವಂತ ಕಾಡಿನಲ್ಲೂ, ಏನೂ ಮಾಡದೆ ಬಿಟ್ಟ ಹಾಳು ಜಾಗದಲ್ಲೂ ಅಂಥದ್ದೇ ಚೌಕಗಳಿರಬೇಕು. ಇಲ್ಲವಾದರೆ ಒಳ್ಳೆಯ ಮಳೆಯ ವರ್ಷದ ಫಲವನ್ನು ನಮ್ಮ ಕೆಲಸದ ಫಲವೆಂದು ತಪ್ಪಾಗಿ ತಿಳಿಯುತ್ತೇವೆ. ಮೀನುಗಾರರ ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟು, ಆ ದಿನ ಬಲೆ ಎಷ್ಟು ಸಲ ಬೀಸಿದರು ಮತ್ತು ಏನು ಸಿಕ್ಕಿತು ಎಂಬೆರಡನ್ನೂ ಬರೆಯುವಂತೆ ಕೇಳಿಕೊಳ್ಳಬೇಕು. ಬೀಸಿದ ಲೆಕ್ಕವಿಲ್ಲದೆ ಸಿಕ್ಕಿದ ಲೆಕ್ಕದಿಂದ ಏನೂ ತಿಳಿಯದು. ಬರೆಯುವ ಶ್ರಮಕ್ಕೆ ಸಂಭಾವನೆ ಕೊಡುವುದು ಯೋಗ್ಯ.

ಕೆಸರಿಗೆ ಇಳಿಯುವಾಗ ಯಾರೂ ಒಬ್ಬರೇ ಹೋಗಬಾರದು. ಉಬ್ಬರ ತಿರುಗುವ ಹೊತ್ತನ್ನು ಎಲ್ಲರಿಗೂ ತಿಳಿಸಿರಬೇಕು, ಮಕ್ಕಳಿರುವ ದಿನ ಅದಕ್ಕೆ ಒಂದು ಗಂಟೆ ಮೊದಲೇ ಎಲ್ಲರೂ ದಡ ಸೇರಿರಬೇಕು.

ಪ್ರತಿ ವರ್ಷ ಒಂದೇ ತಿಂಗಳಲ್ಲಿ, ಒಂದೇ ಗೂಟದ ಪಕ್ಕದಲ್ಲಿ, ಇಳಿತದ ಅದೇ ಹೊತ್ತಿನಲ್ಲಿ ನಿಂತು ತೆಗೆದ ಫೋಟೋಗಳನ್ನು ಊರಿನ ಸಭೆಯಲ್ಲಿ ಸಾಲಾಗಿ ಹರಡಬೇಕು. ಮೊದಲ ಹಂತದಲ್ಲಿ ಹಿರಿಯರು ಗುರುತು ಹಾಕಿದ ದೊಡ್ಡ ಹಾಳೆಯೂ ಅವುಗಳ ಪಕ್ಕದಲ್ಲಿರಬೇಕು. ಕಾಲುವೆ ಎಲ್ಲಿ ಮತ್ತೆ ಹೂಳುತ್ತಿದೆ, ಯಾವ ಚೌಕದಲ್ಲಿ ಗಿಡ ಸಾಯುತ್ತಿದೆ, ಒಪ್ಪಂದದ ಯಾವ ಮಾತು ಮುರಿದಿದೆ ಎಂಬುದನ್ನು ಅಲ್ಲೇ ಚರ್ಚಿಸಿ, ಮುಂದಿನ ವರ್ಷ ಗುದ್ದಲಿ ಹಿಡಿಯಬೇಕಾದ ಜಾಗಗಳನ್ನು ಅದೇ ಹಾಳೆಯ ಮೇಲೆ ಬೇರೆ ಬಣ್ಣದಲ್ಲಿ ಗುರುತಿಸಬೇಕು.